ಸವೆದ ಮೂಳೆ, ಹಿಡಿತ ಕೊಡುವ ಲೋಹ: ಮಂಡಿ ಕೀಲಿನ ಮರು ಶಸ್ತ್ರಚಿಕಿತ್ಸೆಯಲ್ಲಿ ಮೂಳೆ ನಷ್ಟ ನಿಭಾಯಿಸುವ ಸಮಗ್ರ ಮಾರ್ಗದರ್ಶಿ

ಗೆದ್ದಲು ಹಿಡಿದ ಬಾಗಿಲ ಚೌಕಟ್ಟಿಗೆ ಹೊರಗಿನ ಬಣ್ಣ ಹಾಗೇ ಇರುತ್ತದೆ. ಬೆರಳಲ್ಲಿ ಒತ್ತಿದರೆ ಮಾತ್ರ ಒಳಗೆ ಕುಸಿಯುತ್ತದೆ. ಸಡಿಲಾದ ಕೃತಕ ಮಂಡಿಯ ಅಡಿಯಲ್ಲಿರುವ ಮೂಳೆಯೂ ಹೀಗೆಯೇ. ಎಕ್ಸ್-ರೇಯಲ್ಲಿ ತೆಳ್ಳನೆಯ ಕಪ್ಪು ಗೆರೆಯಾಗಿ ಕಂಡದ್ದು, ಇಂಪ್ಲಾಂಟ್ ಎತ್ತಿದ ಮೇಲೆ ಹೆಬ್ಬೆರಳು ಪೂರ್ತಿ ಇಳಿಯುವ ಗುಂಡಿಯಾಗಿ ಎದುರಾಗುತ್ತದೆ. ಆ ಕ್ಷಣದಲ್ಲಿ ಕೈ ನಡುಗಬಾರದು ಅಂತಿದ್ದರೆ ಗುಂಡಿಯನ್ನು ನೋಡುವ ಮೊದಲೇ ಅದಕ್ಕೆ ಸಿದ್ಧವಾಗಿರಬೇಕು.

ಮೂಳೆ ಮತ್ತು ಕೀಲು ವಿಭಾಗದಲ್ಲಿ ಕಲಿಯುತ್ತಿರುವ ಕಿರಿಯ ವೈದ್ಯರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ನೀವು ಓದಿದ್ದು ಇಂಗ್ಲಿಷಿನಲ್ಲಿ, ರೋಗಿಗೆ ಹೇಳಬೇಕಾದದ್ದು ಕನ್ನಡದಲ್ಲಿ. ಕನ್ನಡದಲ್ಲಿ ಹೇಳಲು ಬರದಿದ್ದರೆ ಅರ್ಥವಾದದ್ದೂ ಅರ್ಧವೇ ಅನ್ನುವುದು ನನ್ನ ಅನುಭವ. ಎರಡನೇ ಸಲ ಆಪರೇಷನ್ ಆಗಬೇಕಾದವರ ಮಕ್ಕಳೂ ಇದನ್ನು ಓದಬಹುದು, ವೈದ್ಯರಲ್ಲಿ ಏನು ಕೇಳಬೇಕೆಂದು ಗೊತ್ತಾಗುತ್ತದೆ. ಓದಿದ ಮಾತ್ರಕ್ಕೆ ಯಾರೂ ಒಬ್ಬರೇ ಈ ಕೆಲಸಕ್ಕೆ ಇಳಿಯಬಾರದು. ರಿವಿಷನ್, ಅಂದರೆ ಹಳೆಯ ಕೃತಕ ಕೀಲು ತೆಗೆದು ಹೊಸದು ಹಾಕುವ ಕೆಲಸ ಹೆಚ್ಚಾಗಿ ನಡೆಯುವ ಕಡೆ, ಹಿರಿಯರ ಎದುರು ನಿಂತು, ಹತ್ತಾರು ಮಂಡಿಗಳಲ್ಲಿ ಗಾಯವನ್ನು ಅಗಲಿಸುವ ರಿಟ್ರ್ಯಾಕ್ಟರ್ ಹಿಡಿದ ಮೇಲೆಯೇ ಬ್ಲೇಡ್ ಹಿಡಿಯಿರಿ.

ಇಡೀ ಲೇಖನದಲ್ಲಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತೇನೆ: ಗುಂಡಿಯ ಅಳತೆ ಎರಡನೆಯದು, ಉಳಿದ ಮೂಳೆಯ ಅಳತೆ ಮೊದಲನೆಯದು. ಲೋಹ ಗುಂಡಿ ತುಂಬಿದರೆ ಸಾಲದು. ಅದು ಗಟ್ಟಿ ಮೂಳೆಯನ್ನು ಕಚ್ಚಿಕೊಂಡು ನಿಲ್ಲಬೇಕು.

ಮೂಳೆ ಹೋದದ್ದೆಲ್ಲಿಗೆ?

ಮೊದಲ ಆಪರೇಷನ್ನಿನಲ್ಲೇ ತೊಡೆಮೂಳೆಯ ತುದಿಯಿಂದ ಮತ್ತು ಟಿಬಿಯಾದ, ಅಂದರೆ ಮಂಡಿಯ ಕೆಳಗಿನ ದೊಡ್ಡ ಮೂಳೆಯ, ತಲೆಯಿಂದ ಸುಮಾರು 8ರಿಂದ 10 ಮಿ.ಮೀ. ಮೂಳೆಯನ್ನು ಕೊಯ್ದಿರುತ್ತಾರೆ. ಅದು ಲೆಕ್ಕಕ್ಕೆ ಸಿಗುವ ನಷ್ಟ. ಆಮೇಲಿನದು ಸದ್ದಿಲ್ಲದೆ ಆಗುವಂಥದ್ದು.

ಎರಡು ಲೋಹಗಳ ನಡುವೆ ಕೂತ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ ವರ್ಷಗಟ್ಟಲೆ ತಿಕ್ಕಿ ತಿಕ್ಕಿ ಕಣ್ಣಿಗೆ ಕಾಣದ ಪುಡಿಯಾಗುತ್ತದೆ. ಮ್ಯಾಕ್ರೊಫೇಜ್ ಕೋಶಗಳು ಆ ಪುಡಿಯನ್ನು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರವು. ಅವು ಹೊರಬಿಡುವ ರಾಸಾಯನಿಕಗಳಿಂದ ಮೂಳೆ ಕರಗಿಸುವ ಆಸ್ಟಿಯೊಕ್ಲಾಸ್ಟ್ ಕೋಶಗಳು ಎಚ್ಚೆತ್ತು ಕೆಲಸ ಶುರು ಮಾಡುತ್ತವೆ. ಇದೇ ಆಸ್ಟಿಯೊಲೈಸಿಸ್. ರೋಗಿಗೆ ಬಹಳ ದಿನ ನೋವೇ ಇರುವುದಿಲ್ಲ. ಇನ್ನು ಸಡಿಲಾದ ಟ್ರೇ, ಅಂದರೆ ಟಿಬಿಯಾದ ಮೇಲೆ ಕೂತ ಲೋಹದ ತಟ್ಟೆ, ಹೆಜ್ಜೆ ಹೆಜ್ಜೆಗೂ ಒರಳಿನೊಳಗಿನ ಗುಂಡಿನಂತೆ ಮೂಳೆಯನ್ನು ಅರೆಯುತ್ತದೆ. ನಮ್ಮಲ್ಲಿ ಕಾಲು ಹೊರಕ್ಕೆ ಬಿಲ್ಲಿನಂತೆ ಬಾಗಿದ ಮಂಡಿಗಳೇ ಹೆಚ್ಚು, ಹಾಗಾಗಿ ಟ್ರೇ ಒಳಬದಿಗೆ ಕುಸಿದು ಅಲ್ಲಿನ ಮೂಳೆಯನ್ನು ಪುಡಿ ಮಾಡಿರುವುದನ್ನು ಮತ್ತೆ ಮತ್ತೆ ನೋಡುತ್ತೇವೆ. ಸೋಂಕು ಹಿಡಿದರೆ ಮೂಳೆ ಮೆತ್ತಗಾಗಿ ಕೊಳೆಯುತ್ತದೆ. ಗಟ್ಟಿ ಲೋಹವೇ ಭಾರವನ್ನೆಲ್ಲ ಹೊತ್ತುಕೊಂಡರೆ ಅದರ ಮರೆಯಲ್ಲಿರುವ ಮೂಳೆ ಕೆಲಸವಿಲ್ಲದೆ ತೆಳುವಾಗುತ್ತದೆ.

ಐದನೆಯ ಕಾರಣ ನಾವೇ. ಹಳೆಯ ಇಂಪ್ಲಾಂಟ್ ತೆಗೆಯುವಾಗಿನ ಆತುರ. ಉಳಿದ ನಾಲ್ಕು ನಮ್ಮ ಕೈ ಮೀರಿ ಆದವು, ಇದೊಂದು ಪೂರ್ತಿಯಾಗಿ ನಮ್ಮ ಕೈಯಲ್ಲಿದೆ.

ಹಂತ 1: ಮಂಡಿ ಸೋತ ಕಾರಣವನ್ನು ಪತ್ತೆ ಮಾಡಿ

ಕಾರಣ ಗೊತ್ತಾಗದ ನೋವಿಗೆ ರಿವಿಷನ್ ಮಾಡಬೇಡಿ. ಸೊಂಟದ ಕೀಲಿನ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುತ್ತದೆ, ಬೆನ್ನುಹುರಿಯ ನರದ ನೋವೂ ಅಲ್ಲಿಗೇ ಇಳಿಯುತ್ತದೆ. ಇವೆರಡನ್ನೂ ಪರೀಕ್ಷಿಸದೆ ಮಂಡಿ ತೆರೆದರೆ ನೋವು ಹಾಗೇ ಉಳಿಯುತ್ತದೆ, ಮೂಳೆ ಮಾತ್ರ ಕಡಿಮೆಯಾಗುತ್ತದೆ.

ನೋವುಳ್ಳ ಪ್ರತಿಯೊಂದು ಕೃತಕ ಮಂಡಿಯನ್ನೂ, ಸೋಂಕಿಲ್ಲ ಎಂದು ತೋರುವವರೆಗೆ, ಸೋಂಕಿರಬಹುದೆಂದೇ ನೋಡಿ. ಉರಿಯೂತ ತೋರುವ ರಕ್ತಪರೀಕ್ಷೆಗಳಲ್ಲಿ ಇ.ಎಸ್.ಆರ್. ಗಂಟೆಗೆ 30 ಮಿ.ಮೀ. ದಾಟಿದ್ದರೆ ಅಥವಾ ಸಿ.ಆರ್.ಪಿ. ಲೀಟರಿಗೆ 10 ಮಿಲಿಗ್ರಾಂ ದಾಟಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ನನ್ನ ರೂಢಿಯಲ್ಲಿ ರಿವಿಷನ್ನಿಗೆ ಮುಂಚೆ ಎಲ್ಲ ಮಂಡಿಗಳಿಂದಲೂ ಸೂಜಿಯಲ್ಲಿ ದ್ರವ ತೆಗೆಯುತ್ತೇನೆ. ಹಳೆಯ ಸೋಂಕಿನಲ್ಲಿ ಆ ದ್ರವದ ಪ್ರತಿ ಮೈಕ್ರೊಲೀಟರಿನಲ್ಲಿ 3000ಕ್ಕಿಂತ ಹೆಚ್ಚು ಬಿಳಿ ರಕ್ತಕಣಗಳಿರುತ್ತವೆ, ಅವುಗಳಲ್ಲಿ ನ್ಯೂಟ್ರೊಫಿಲ್ ಎಂಬ ಬಗೆಯ ಪಾಲು ಶೇ. 80ರ ಆಸುಪಾಸಿನಲ್ಲೋ ಅದಕ್ಕಿಂತ ಮೇಲೋ ಇರುತ್ತದೆ. ದ್ರವ ತೆಗೆಯುವ ಮೊದಲು ಕನಿಷ್ಠ ಎರಡು ವಾರ ಆ್ಯಂಟಿಬಯಾಟಿಕ್ ನಿಂತಿರಬೇಕು. ಊರಿನ ಕ್ಲಿನಿಕ್ಕಿನಲ್ಲಿ "ಒಂದು ಕೋರ್ಸ್ ತಗೊಳ್ಳಿ" ಎಂದು ಬರೆದುಕೊಟ್ಟ ಮಾತ್ರೆ ಇಲ್ಲಿ ದೊಡ್ಡ ತೊಡಕು. ರೋಗಾಣು ಸಾಯದೆ ಅಡಗಿಕೊಳ್ಳುತ್ತದೆ, ರೋಗಾಣು ಬೆಳೆಸಿ ನೋಡುವ ಕಲ್ಚರ್ ವರದಿ ಸುಳ್ಳು ಸಮಾಧಾನ ಕೊಡುತ್ತದೆ. ನಿಧಾನವಾಗಿ ಬೆಳೆಯುವ ರೋಗಾಣುಗಳಿಗಾಗಿ ಕಲ್ಚರನ್ನು 14 ದಿನ ಇಡಲು ಪ್ರಯೋಗಾಲಯಕ್ಕೆ ಬರೆದು ತಿಳಿಸಿ. ಕ್ಷಯದ ಪರೀಕ್ಷೆಯನ್ನೂ ಸೇರಿಸಿ. ಅಪರೂಪವೇ, ಆದರೂ ನಮ್ಮ ನೆಲದಲ್ಲಿ ಅದನ್ನು ಮರೆಯುವಂತಿಲ್ಲ.

ಸೋಂಕು ಖಚಿತವಾದರೆ ಸಾಮಾನ್ಯವಾಗಿ ಎರಡು ಆಪರೇಷನ್ನುಗಳ ದಾರಿ ಹಿಡಿಯುತ್ತೇವೆ. ಮೊದಲು ಎಲ್ಲವನ್ನೂ ತೆಗೆದು, ಸ್ವಚ್ಛ ಮಾಡಿ, ಆ್ಯಂಟಿಬಯಾಟಿಕ್ ಬೆರೆಸಿದ ಮೂಳೆ ಸಿಮೆಂಟಿನ ಸ್ಪೇಸರ್, ಅಂದರೆ ಜಾಗ ಕಾಯುವ ತಾತ್ಕಾಲಿಕ ತುಂಡು, ಇಡುವುದು. ಕೆಲವು ವಾರಗಳ ಔಷಧಿಯ ನಂತರ ಹೊಸ ಕೀಲು ಹಾಕುವುದು. ಕಿರಿಯರು ಗಮನಿಸದ ಒಂದು ವಿಷಯ ಇಲ್ಲಿದೆ: ಸರಿಯಾಗಿ ಕೂರದ ಸ್ಪೇಸರ್ ಒಳಗೇ ಜಾರಾಡಿ, ಉಳಿದಿದ್ದ ಮೂಳೆಯನ್ನೂ ತಿನ್ನುತ್ತದೆ. ಸ್ಪೇಸರ್ ಕೂರಿಸುವಾಗಲೇ ಎರಡನೆಯ ಆಪರೇಷನ್ನಿನ ಮೂಳೆಯನ್ನು ಕಾಯುತ್ತಿದ್ದೀರಿ ಅನ್ನುವುದು ನೆನಪಿರಲಿ.

ಹಂತ 2: ಚಿತ್ರಗಳನ್ನೂ ಹಳೆಯ ಕಾಗದಗಳನ್ನೂ ಒಟ್ಟಿಗೆ ಇಟ್ಟು ಓದಿ

ನಿಂತು ತೆಗೆದ ಎಕ್ಸ್-ರೇ, ಪಕ್ಕದಿಂದ ತೆಗೆದದ್ದು, ಸೊಂಟದಿಂದ ಹಿಮ್ಮಡಿವರೆಗಿನ ಉದ್ದನೆಯದು, ಇನ್ನೊಂದು ಮಂಡಿಯದು, ಇಷ್ಟು ಬೇಕೇ ಬೇಕು. ತೊಡೆಮೂಳೆಯ ಹಿಂಬದಿಯ ನಷ್ಟವನ್ನು ಲೋಹವೇ ಮರೆಮಾಡುತ್ತದೆ, ಆದ್ದರಿಂದ ಓರೆಯಾಗಿ ತೆಗೆದ ಚಿತ್ರವೂ ಉಪಯೋಗಕ್ಕೆ ಬರುತ್ತದೆ. ಲೋಹದ ಹೊಳಪನ್ನು ತಗ್ಗಿಸುವ ತಂತ್ರವಿರುವ ಸಿಟಿ ಸ್ಕ್ಯಾನ್ ಸಿಕ್ಕರೆ ಗುಂಡಿಯ ಆಳವೂ ಹಳೆಯ ಇಂಪ್ಲಾಂಟ್ ತಿರುಚಿ ಕೂತಿದ್ದರೆ ಆ ಕೋನವೂ ಗೊತ್ತಾಗುತ್ತದೆ. ಇಷ್ಟೆಲ್ಲ ಆದ ಮೇಲೂ, ಕಂಡದ್ದಕ್ಕಿಂತ ಹೆಚ್ಚು ನಷ್ಟ ಇದೆ ಎಂದೇ ಎಣಿಸಿ. ಸಿಮೆಂಟ್ ಮತ್ತು ಆಗ್ಮೆಂಟ್ (ಇಂಪ್ಲಾಂಟಿನ ಅಡಿಗೆ ಕೊಡುವ ಲೋಹದ ತುಂಡು) ಸಾಕಾದೀತು ಅನ್ನಿಸಿದರೆ ಕೋನ್ (ಆಳದ ಗುಂಡಿಯಲ್ಲಿ ಕೂರುವ, ತೂತುಗಳಿರುವ ಲೋಹದ ತುಂಡು) ಸೆಟ್ಟನ್ನೂ ತರಿಸಿ. ಕೋನ್ ಸಾಕು ಅನ್ನಿಸಿದರೆ ಹಿಂಜ್, ಅಂದರೆ ಎರಡು ಭಾಗಗಳನ್ನು ಬಾಗಿಲ ತಿರುಗಣೆಯಂತೆ ಜೋಡಿಸುವ ಕೀಲು ಕೂಡ ಥಿಯೇಟರಿನಲ್ಲಿರಲಿ. ಚಿಕ್ಕ ಅಳತೆಯ ಮಂಡಿಗಳು ನಮ್ಮಲ್ಲಿ ಬಹಳ, ಪೆಟ್ಟಿಗೆಯಲ್ಲಿ ಚಿಕ್ಕ ಸೈಜುಗಳಿವೆಯೇ ಎಂದು ಹಿಂದಿನ ದಿನವೇ ತೆರೆದು ನೋಡಿ.

ಹಳೆಯ ಇಂಪ್ಲಾಂಟ್ ಯಾವ ಕಂಪನಿಯದು, ಯಾವ ಮಾದರಿ ಅನ್ನುವುದು ಗೊತ್ತಿದ್ದರೆ ತೆಗೆಯುವ ಸಲಕರಣೆ ಸರಿಯಾದದ್ದು ಬರುತ್ತದೆ. ಮನೆಯವರಿಗೆ ಒಂದು ಕೋರಿಕೆ: ಮೊದಲ ಆಪರೇಷನ್ನಿನ ಡಿಸ್ಚಾರ್ಜ್ ಕಾಗದ ಮತ್ತು ಅದರಲ್ಲಿ ಅಂಟಿಸಿದ ಇಂಪ್ಲಾಂಟ್ ಸ್ಟಿಕ್ಕರುಗಳನ್ನು ಜಮೀನಿನ ಪಹಣಿಯಷ್ಟೇ ಜೋಪಾನವಾಗಿ ಇಡಿ. ಹದಿನೈದು ವರ್ಷದ ನಂತರವೂ ಅವು ಕೆಲಸಕ್ಕೆ ಬರುತ್ತವೆ.

ಹಂತ 3: ಮನೆಯವರೊಡನೆ ಕೂತು ಮಾತಾಡಿ

"ಅಮ್ಮಾ, ಹಾಕಿದ ಕೀಲು ಸಡಿಲಾಗಿದೆ. ಅದರ ಕೆಳಗಿನ ಮೂಳೆ ಗೆದ್ದಲು ತಿಂದ ಹಾಗೆ ಆಗಿದೆ. ಬರೀ ಕೀಲು ಬದಲಾಯಿಸಿದರೆ ನಿಲ್ಲೋದಿಲ್ಲ, ಕೆಳಗೆ ಒಂದು ಲೋಹದ ಬುನಾದಿ ಕೊಡಬೇಕು. ಎಷ್ಟು ದೊಡ್ಡದು ಅನ್ನೋದು ತೆರೆದ ಮೇಲೇ ಗೊತ್ತಾಗೋದು." ಇಷ್ಟು ಸರಳವಾಗಿ ಹೇಳಿ. ಮೊದಲ ಸಲದಷ್ಟು ಚೆನ್ನಾಗಿ ಮಡಚಲು ಬರದಿರಬಹುದು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರುಗಾಲಲ್ಲಿ ಕೂರುವುದು ಇನ್ನು ಬೇಡ, ಮನೆಯಲ್ಲಿ ಕಮೋಡ್ ವ್ಯವಸ್ಥೆ ಬೇಕು, ಇವನ್ನೆಲ್ಲ ಆಪರೇಷನ್ನಿಗೆ ಮೊದಲೇ ಹೇಳಿಬಿಡಿ. ಆಮೇಲೆ ಹೇಳಿದರೆ ಅದು ನೆಪದಂತೆ ಕೇಳಿಸುತ್ತದೆ.

ಖರ್ಚಿನ ಮಾತನ್ನು ನುಂಗಬೇಡಿ. ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ 2017ರ ಆಗಸ್ಟಿನಲ್ಲಿ ಮಂಡಿ ಇಂಪ್ಲಾಂಟುಗಳಿಗೆ ಬೆಲೆಯ ಮಿತಿ ಹಾಕಿತು. ಆಗ ಸಾಮಾನ್ಯ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ 54,720 ರೂಪಾಯಿ, ರಿವಿಷನ್ ಮಂಡಿಗೆ 1,13,950 ರೂಪಾಯಿ, ಜಿ.ಎಸ್.ಟಿ. ಬೇರೆ. ಸದ್ಯದ ದರವನ್ನು ಪ್ರಾಧಿಕಾರದ ಪಟ್ಟಿಯಲ್ಲಿ ನೋಡಿಕೊಳ್ಳಬಹುದು. ಇಂಪ್ಲಾಂಟ್, ಸ್ಟೆಮ್ (ಮೂಳೆಯ ಕೊಳವೆಯೊಳಗೆ ಇಳಿಯುವ ಲೋಹದ ಕಡ್ಡಿ), ಆಗ್ಮೆಂಟ್, ಕೋನ್ ಇವುಗಳ ಬೆಲೆಯನ್ನು ಬಿಡಿಬಿಡಿಯಾಗಿ ಬರೆದುಕೊಡಿ ಎಂದು ಕೇಳುವ ಹಕ್ಕು ಮನೆಯವರಿಗಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನೇನು ಸೇರುತ್ತದೆ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಮುಂಚೆಯೇ ಕೇಳಿಕೊಳ್ಳಲಿ.

ಹಂತ 4: ತೆರೆಯುವುದು, ತೆಗೆಯುವುದು

ಮಂಡಿಯ ಮುಂಭಾಗದ ಚರ್ಮಕ್ಕೆ ರಕ್ತ ಹೆಚ್ಚಾಗಿ ಒಳಬದಿಯಿಂದ ಬರುತ್ತದೆ. ಉದ್ದುದ್ದ ಹಳೆಯ ಗಾಯದ ಗೆರೆಗಳು ಎರಡು ಮೂರು ಇದ್ದರೆ, ಕೆಲಸಕ್ಕೆ ಒದಗುವ ಗೆರೆಗಳಲ್ಲಿ ಅತಿ ಹೊರಬದಿಯದನ್ನು ಆರಿಸಿ. ಒಳಗೆ ಕಲೆಗಟ್ಟಿದ ಅಂಗಾಂಶವನ್ನು ತೆಗೆದ ಮೇಲೂ ಮಂಡಿ ಮಡಚದಿದ್ದರೆ ಬಲವಂತ ಮಾಡಬೇಡಿ. ಮಂಡಿ ಚಿಪ್ಪಿನ ಕೆಳಗಿನ ಪಟೆಲ್ಲರ್ ಟೆಂಡನ್ ಎಂಬ ಗಟ್ಟಿ ನಾರುಪಟ್ಟಿ ಕಿತ್ತು ಬಂದರೆ ಆ ಕಾಲು ಮತ್ತೆ ನೆಟ್ಟಗೆ ನೀಡಲು ಒದ್ದಾಡುತ್ತದೆ. ಕ್ವಾಡ್ರಿಸೆಪ್ಸ್ ಸ್ನಿಪ್ ಮಾಡಿ, ಅಂದರೆ ಮಂಡಿ ಚಿಪ್ಪಿನ ಮೇಲಿನ ತೊಡೆಸ್ನಾಯುವಿನ ಟೆಂಡನ್ನನ್ನು ಓರೆಯಾಗಿ ಕೊಯ್ಯಿರಿ, ಅದೂ ಸಾಲದಿದ್ದರೆ ಪಟೆಲ್ಲರ್ ಟೆಂಡನ್ ಅಂಟಿರುವ ಟಿಬಿಯಾದ ಮುಂಗುಬ್ಬನ್ನು ಮೂಳೆ ಸಮೇತ ಎತ್ತಿ. ಅದು ಮತ್ತೆ ಕೂಡಿಕೊಳ್ಳುತ್ತದೆ, ಕಿತ್ತ ಟೆಂಡನ್ ಅಷ್ಟು ಸುಲಭವಾಗಿ ಕೂಡುವುದಿಲ್ಲ.

ಪಾಲಿಎಥಿಲೀನ್ ತುಂಡನ್ನು ಮೊದಲು ತೆಗೆದರೆ ಕೈಯಾಡಲು ಜಾಗ ಸಿಗುತ್ತದೆ. ಆಮೇಲೆ ತೊಡೆಮೂಳೆಯ ಭಾಗ, ಕೊನೆಗೆ ಟಿಬಿಯಾದ ಟ್ರೇ. ಬ್ಲೇಡ್ ಇಳಿಯಬೇಕಾದದ್ದು ಲೋಹ ಮತ್ತು ಸಿಮೆಂಟಿನ ನಡುವೆ, ಸಿಮೆಂಟ್ ಮತ್ತು ಮೂಳೆಯ ನಡುವೆ ಅಲ್ಲ. ತೆಳ್ಳನೆಯ ಗರಗಸ, ತೆಳ್ಳನೆಯ ಆಸ್ಟಿಯೊಟೋಮ್ (ಮೂಳೆ ಉಳಿ), ಬೇಕಾದರೆ ಜಿಗ್ಲಿ ಎಂಬ ತಂತಿ ಗರಗಸ ಇಟ್ಟುಕೊಂಡು ಸುತ್ತಲೂ ಬಿಡಿಸಿ. ಒಂದೇ ಕಡೆ ಮೀಟಿದರೆ ಮೀಟಿದ ಜಾಗದ ಮೂಳೆ ಒಳಕ್ಕೆ ಮುರಿದು ಬೀಳುತ್ತದೆ. ಸುತ್ತಿಗೆಯ ಎರಡು ಸಣ್ಣ ಏಟಿಗೆ ಇಂಪ್ಲಾಂಟ್ ತಾನಾಗಿ ಕಳಚಿ ಬರಬೇಕು. ಬರದಿದ್ದರೆ ಬಿಡಿಸುವ ಕೆಲಸ ಇನ್ನೂ ಬಾಕಿ ಇದೆ ಎಂದರ್ಥ. ಇಲ್ಲಿ ಇನ್ನೊಂದು ಅರ್ಧ ಗಂಟೆ ಹೋದರೆ ಹೋಗಲಿ. ಈ ಅರ್ಧ ಗಂಟೆ ಉಳಿಸಿದ ಮೂಳೆಯನ್ನು ಯಾವ ಕೋನೂ ತಂದುಕೊಡಲಾರದು.

ಸಿಮೆಂಟನ್ನು ತುಂಡು ತುಂಡಾಗಿ ಒಡೆದು ತೆಗೆಯಿರಿ. ಬೇರೆ ಬೇರೆ ಜಾಗದಿಂದ ಐದು ಮಾದರಿಗಳನ್ನು, ಪ್ರತಿ ಮಾದರಿಗೂ ಬೇರೆ ಉಪಕರಣ ಬಳಸಿ, ಕಲ್ಚರಿಗೆ ಕಳಿಸಿ. ಮಂಡಿ ಚಿಪ್ಪಿನ ಹಿಂದಿನ ಪ್ಲಾಸ್ಟಿಕ್ ಬಿಲ್ಲೆ ಬಿಗಿಯಾಗಿದ್ದು, ಸವೆಯದೆ, ಸೋಂಕಿಲ್ಲದೆ ಇದ್ದರೆ ಅದನ್ನು ಮುಟ್ಟದಿರುವುದೇ ಲೇಸು.

ಹಂತ 5: ಸ್ವಚ್ಛ ಮಾಡಿದ ಮೇಲೆ ನಷ್ಟವನ್ನು ಅಳೆಯಿರಿ

ಗುಂಡಿಯ ಗೋಡೆಗೆ ಅಂಟಿದ ಕಂದು ಪೊರೆಯನ್ನು ಕೆರೆದು, ಚೆನ್ನಾಗಿ ತೊಳೆದು, ರಕ್ತ ಒಸರುವ ಗಟ್ಟಿ ಮೂಳೆ ಕಾಣುವವರೆಗೆ ಅಳತೆಗೆ ಕೈ ಹಾಕಬೇಡಿ. ಪೊರೆಯ ಮೇಲಿನಿಂದ ಅಳೆದದ್ದು ಹೂಳು ತುಂಬಿದ ಬಾವಿಯನ್ನು ಅಳೆದ ಹಾಗೆ.

ಅಳೆಯಲು ಜಗತ್ತಿನ ಬಹುಪಾಲು ಶಸ್ತ್ರವೈದ್ಯರು ಬಳಸುವುದು ಆ್ಯಂಡರ್ಸನ್ ಮೂಳೆ ಸಂಶೋಧನಾ ಸಂಸ್ಥೆಯ ವಿಂಗಡಣೆ. ಅಮೆರಿಕದ ವರ್ಜೀನಿಯಾದ ಈ ಸಂಸ್ಥೆಯಲ್ಲಿ ಜೆರಾರ್ಡ್ ಎಂಗ್ ರೂಪಿಸಿದ ಪದ್ಧತಿ ಇದು. ತೊಡೆಮೂಳೆಗೂ ಟಿಬಿಯಾಗೂ ಬೇರೆ ಬೇರೆ ಅಂಕ ಕೊಡುತ್ತದೆ. ಮೊದಲ ವರ್ಗದಲ್ಲಿ ಮೂಳೆಯ ತಲೆ ಗಟ್ಟಿಯಾಗಿದೆ, ಅಲ್ಲಲ್ಲಿ ಸಣ್ಣ ಗುಂಡಿಗಳಿವೆ. ಎರಡನೆಯದರಲ್ಲಿ ಮೆಟಾಫಿಸಿಸ್ ಅಂದರೆ ಮೂಳೆಯ ತುದಿಗೂ ಕೊಳವೆಗೂ ನಡುವಿನ ಅಗಲವಾದ, ಸ್ಪಂಜಿನಂಥ ಭಾಗ ಹಾಳಾಗಿದೆ. ಒಂದೇ ಬದಿ ಹೋಗಿದ್ದರೆ 2ಎ, ಎರಡೂ ಬದಿ ಹೋಗಿದ್ದರೆ 2ಬಿ. ಮೂರನೆಯ ವರ್ಗದಲ್ಲಿ ಆ ಭಾಗವೇ ಬಹುಪಾಲು ಇಲ್ಲ, ಜೊತೆಗೆ ಮೂಳೆಗಳನ್ನು ಕಟ್ಟಿಹಿಡಿಯುವ ಪಕ್ಕದ ಲಿಗಮೆಂಟ್ ಅಥವಾ ಪಟೆಲ್ಲರ್ ಟೆಂಡನ್ ಅಂಟಿಕೊಂಡಿದ್ದ ಜಾಗವೂ ಹೋಗಿರಬಹುದು.

ಇನ್ನೊಂದು ಪ್ರಶ್ನೆಯನ್ನು ನೀವೇ ಕೇಳಿಕೊಳ್ಳಬೇಕು: ಗುಂಡಿಗೆ ಸುತ್ತಲೂ ಗೋಡೆ ಇದೆಯೇ? ಸುತ್ತಲೂ ಗೋಡೆಯಿರುವ ಗುಂಡಿ ಬಟ್ಟಲಿನಂತೆ, ತುಂಬಿದ್ದನ್ನು ಹಿಡಿದಿಡುತ್ತದೆ. ಅಂಚು ಒಡೆದ ಗುಂಡಿ ಕೆರೆಯ ಏರಿ ಒಡೆದಂತೆ, ಅದರಲ್ಲಿ ಏನು ತುಂಬಿದರೂ ನಿಲ್ಲುವುದಿಲ್ಲ. ಅಲ್ಲಿ ಆಕಾರವಿರುವ ಗಟ್ಟಿ ವಸ್ತುವೇ ಬೇಕು.

ಹಂತ 6: ಹಿಡಿತ ಎಲ್ಲಿ ಸಿಗುತ್ತದೆ, ಎಣಿಸಿ

ನನ್ನ ಮಟ್ಟಿಗೆ ಇಡೀ ಆಪರೇಷನ್ನಿನ ಹೃದಯ ಇದು. 2015ರಲ್ಲಿ ಬ್ರಿಟನ್ನಿನ ಮಾರ್ಗನ್-ಜೋನ್ಸ್ ಮತ್ತು ಸಂಗಡಿಗರು ಒಂದು ಸರಳ ಚೌಕಟ್ಟು ಕೊಟ್ಟರು. ಮೂಳೆಯಲ್ಲಿ ಮೂರು ವಲಯಗಳು: ಕೀಲಿನ ಮುಖಕ್ಕೆ ಹತ್ತಿರದ ತುದಿ ಒಂದನೆಯದು, ಅದರ ಹಿಂದಿನ ಮೆಟಾಫಿಸಿಸ್ ಎರಡನೆಯದು, ಉದ್ದನೆಯ ಗಟ್ಟಿ ಕೊಳವೆ ಮೂರನೆಯದು. ಹೊಸ ಇಂಪ್ಲಾಂಟಿಗೆ ಈ ಮೂರರಲ್ಲಿ ಕನಿಷ್ಠ ಎರಡರಲ್ಲಿ ಭದ್ರ ಹಿಡಿತ ಬೇಕು.

ಹೊಲದ ಬೇಲಿಗೆ ಕಲ್ಲುಕಂಬ ನೆಟ್ಟವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಮೇಲಿನ ಮಣ್ಣು ಸಡಿಲವಿದ್ದರೆ ಇನ್ನೂ ಆಳಕ್ಕೆ ಹೋಗುತ್ತೇವೆ. ಆಳ ಮಾತ್ರ ಸಾಲದು, ಕತ್ತಿನ ಸುತ್ತ ಕಲ್ಲು ಜಡಿದು ಬಿಗಿ ಮಾಡುತ್ತೇವೆ. ಬರೀ ಉದ್ದನೆಯ ಸ್ಟೆಮ್ ನಂಬಿದರೆ ಬುಡ ಗಟ್ಟಿ, ಕತ್ತು ಅಲುಗಾಟ. ಕತ್ತಿನ ಹತ್ತಿರ, ಅಂದರೆ ಎರಡನೆಯ ವಲಯದಲ್ಲಿ ಸಿಗುವ ಹಿಡಿತ ಕೀಲಿಗೆ ಹತ್ತಿರವಾದದ್ದು, ತಿರುಚುವ ಬಲವನ್ನು ತಡೆಯುವುದೂ ಅದೇ. ಕೋನ್ ಮತ್ತು ಸ್ಲೀವ್ (ಎರಡನ್ನೂ ಮುಂದೆ ವಿವರಿಸುತ್ತೇನೆ) ಬಂದದ್ದೇ ಈ ವಲಯಕ್ಕಾಗಿ.

ಹಂತ 7: ಗುಂಡಿಗೆ ತಕ್ಕ ಲೋಹ

ಗೋಡೆಯಿರುವ, 5 ಮಿ.ಮೀ. ಒಳಗಿನ ಆಳದ ಗುಂಡಿಗೆ ಸಿಮೆಂಟೇ ಸಾಕು. ಬೇಕಿದ್ದರೆ ಒಂದೆರಡು ಸ್ಕ್ರೂ ಹಾಕಿ ಅದರ ಸುತ್ತ ಸಿಮೆಂಟ್ ತುಂಬಿದರೆ ಕಾಂಕ್ರೀಟಿಗೆ ಕಬ್ಬಿಣ ಕಟ್ಟಿದಂತೆ ಆಗುತ್ತದೆ. ಅದಕ್ಕಿಂತ ದಪ್ಪ ಸಿಮೆಂಟನ್ನು ನಂಬಬೇಡಿ, ಅದು ಒತ್ತಡ ತಡೆಯುತ್ತದೆ, ಎಳೆತಕ್ಕೂ ಜಾರುವ ಬಲಕ್ಕೂ ಸೋಲುತ್ತದೆ. ವಯಸ್ಸು ಕಡಿಮೆಯಿದ್ದು ಗುಂಡಿಗೆ ಗೋಡೆಯಿದ್ದರೆ ಪುಡಿ ಮಾಡಿದ ಮೂಳೆಯನ್ನು ಒತ್ತಿ ತುಂಬುವುದು ಒಳ್ಳೆಯ ಆಯ್ಕೆ, ಮುಂದೊಂದು ದಿನ ಬೇಕಾಗುವ ಮೂಳೆ ಉಳಿಯುತ್ತದೆ. ದಾನಿಯ ಮೂಳೆಯ ದೊಡ್ಡ ತುಂಡು ಇಡುವ ಪದ್ಧತಿ ಮೊದಲು ಬಹಳ ಇತ್ತು. ಅದು ಕಾಲಕ್ರಮೇಣ ಕರಗುವುದು, ಕುಸಿಯುವುದು, ಸೋಂಕಿನ ಭಯ, ಜೊತೆಗೆ ಮೂಳೆ ಬ್ಯಾಂಕಿನ ಅಭಾವ, ಇವುಗಳಿಂದ ಹಿಂದೆ ಸರಿದಿದೆ.

5 ಮಿ.ಮೀ. ಮೀರಿದ, ಒಂದು ಬದಿಯ ಅಂಚು ಒಡೆದ ಗುಂಡಿಗೆ ಲೋಹದ ಆಗ್ಮೆಂಟ್ ಹಾಕುತ್ತೇವೆ. 5, 10, 15 ಮಿ.ಮೀ. ಹೀಗೆ ಸಿದ್ಧ ಅಳತೆಗಳಲ್ಲಿ ಸಿಗುವ ಈ ತುಂಡು ಟ್ರೇಯ ಅಡಿಗೆ ಕೂಡಿಕೊಳ್ಳುತ್ತದೆ. ಮೇಜಿನ ಒಂದು ಕಾಲು ಗಿಡ್ಡವಿದ್ದರೆ ಅಡಿಗೆ ಹಲಗೆ ಕೊಡುತ್ತೇವಲ್ಲ, ಅದೇ ಲೆಕ್ಕ. ಬೆಣೆಯಂಥದ್ದೂ ಇದೆ, ಇಟ್ಟಿಗೆಯಂಥದ್ದೂ ಇದೆ. ನನಗೆ ಇಟ್ಟಿಗೆ ಆಕಾರದ್ದೇ ಇಷ್ಟ. ಮೂಳೆಯನ್ನು ಮೆಟ್ಟಿಲಿನಂತೆ ಸಮತಟ್ಟಾಗಿ ಕೊಯ್ದಾಗ ಭಾರ ನೇರವಾಗಿ ಕೆಳಗಿಳಿಯುತ್ತದೆ, ಬೆಣೆಯಲ್ಲಿ ಜಾರುವ ಬಲ ಉಳಿಯುತ್ತದೆ. ತೊಡೆಮೂಳೆಯಲ್ಲಿ ತುದಿಗೂ ಹಿಂಬದಿಗೂ ಇಂಥ ತುಂಡುಗಳಿವೆ. ಆಗ್ಮೆಂಟ್ ಹಾಕಿದ ಕಡೆ ಸ್ಟೆಮ್ ಜೊತೆಗಿರಲಿ.

ಎರಡೂ ಬದಿ ಹೋದ ಗುಂಡಿಯಲ್ಲಿ, ನಡುವೆ ಬಾವಿಯಂತೆ ಆಳವಾದ ಗುಂಡಿಯಲ್ಲಿ ಕೋನ್ ಅಥವಾ ಸ್ಲೀವ್. ಇಲ್ಲಿ ಸ್ವಲ್ಪ ನಿಧಾನಿಸೋಣ.

ಒಣಗಿದ ಹೀರೇಕಾಯಿಯ ನಾರನ್ನು ನೆನಪಿಸಿಕೊಳ್ಳಿ, ಮೈ ಉಜ್ಜಲು ಬಳಸುವಂಥದ್ದು. ಟ್ಯಾಂಟಲಮ್ ಕೋನ್ ಒಳಗಿನಿಂದ ನೋಡಲು ಹಾಗೇ ಇರುತ್ತದೆ, ಲೋಹದ ಎಳೆಗಳ ಜಾಲ. ಅದರ ಶೇ. 75ರಿಂದ 80 ಭಾಗ ಬರೀ ತೂತುಗಳು, ಒಂದೊಂದೂ ಸರಿಸುಮಾರು ಅರ್ಧ ಮಿಲಿಮೀಟರ್. ಮೂಳೆಯ ಕೋಶಗಳು ಈ ತೂತುಗಳೊಳಗೆ ಬೆಳೆದು ಲೋಹವನ್ನು ತಮ್ಮದಾಗಿಸಿಕೊಳ್ಳುತ್ತವೆ. ಬಿಗಿತವೂ ಮೂಳೆಯದಕ್ಕೆ ಸಮೀಪ: ಕೋಬಾಲ್ಟ್ ಕ್ರೋಮಿಯಂ ಮಿಶ್ರಲೋಹದ ಬಿಗಿತ 200 ಗಿಗಾಪಾಸ್ಕಲ್ ದಾಟಿದರೆ ತೂತಿನ ಟ್ಯಾಂಟಲಮ್ಮಿನದು 3ರ ಆಸುಪಾಸು. ಹಾಗಾಗಿ ಸುತ್ತಲಿನ ಮೂಳೆಗೂ ಭಾರದ ಪಾಲು ಸಿಗುತ್ತದೆ. 1802ರಲ್ಲಿ ಸ್ವೀಡನ್ನಿನ ಎಕೆಬರಿ ಈ ಲೋಹವನ್ನು ಕಂಡುಹಿಡಿದಾಗ, ನೀರಿನಲ್ಲಿ ನಿಂತರೂ ಕುಡಿಯಲಾಗದ ಗ್ರೀಕ್ ಪುರಾಣದ ಟ್ಯಾಂಟಲಸ್‌ನ ಹೆಸರಿಟ್ಟ. ಆಮ್ಲದಲ್ಲಿ ಮುಳುಗಿಸಿದರೂ ಅದು ಏನನ್ನೂ ಹೀರಿಕೊಳ್ಳದು ಎಂಬ ಕಾರಣಕ್ಕೆ. ದೇಹದೊಳಗೆ ಅದು ತುಕ್ಕು ಹಿಡಿಯದೆ ತೆಪ್ಪಗಿರುವುದೂ ಅದೇ ಗುಣದಿಂದ. ಈಗ ತ್ರೀಡಿ ಮುದ್ರಣದ ಟೈಟೇನಿಯಂ ಕೋನುಗಳೂ ಇವೆ, ತತ್ವ ಒಂದೇ.

ಕೋನ್ ಕೂರಿಸುವ ಕ್ರಮ ಹೀಗೆ. ಕೊಳವೆಯೊಳಗೆ ಮೂಳೆ ಕೊರೆಯುವ ರೀಮರ್ ಇಳಿಸಿ, ಅದನ್ನೇ ದಾರಿ ತೋರುವ ಕಂಬ ಮಾಡಿಕೊಳ್ಳಿ. ಕೋನಿನ ಆಕಾರಕ್ಕೆ ಮೂಳೆಯನ್ನು ರೀಮರಿನಿಂದಲೋ ಬರ್‌ನಿಂದಲೋ ತೀಡಿ, ಆದಷ್ಟು ಕಡಿಮೆ ತೆಗೆಯಿರಿ. ಗುಂಡಿ ಇದ್ದ ಕಡೆಗೆ ಕೋನ್ ತಿರುಗಲಿ, ಟ್ರೇ ಎತ್ತ ನೋಡುತ್ತದೆ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಪ್ರಯೋಗದ ಕೋನನ್ನು ಹಿಡಿದು ತಿರುಚಿ ನೋಡಿ: ಕೋನ್ ಒಂದೇ ಅಲುಗಾಡದೆ ಇಡೀ ಕಾಲೇ ಜೊತೆಗೆ ತಿರುಗಬೇಕು. ನಿಜವಾದ ಕೋನನ್ನು ಸಣ್ಣ ಏಟುಗಳಲ್ಲಿ ಇಳಿಸಿ. ಏಟಿನ ಸದ್ದು ಬದಲಾದ ಕ್ಷಣ ನಿಲ್ಲಿಸಿ. ಗೋಡೆ ತೆಳುವಾಗಿದ್ದರೆ ಏಟು ಹಾಕುವ ಮೊದಲೇ ಸುತ್ತ ಒಂದು ತಂತಿ ಬಿಗಿಯಿರಿ, ಸೀಳಿದ ಮೇಲೆ ಕಟ್ಟುವುದು ತಡವಾಯಿತು. ಕೋನಿಗೂ ಮೂಳೆಗೂ ನಡುವೆ ಉಳಿದ ಸಂದುಗಳಿಗೆ ಮೂಳೆಯ ಪುಡಿ ತುಂಬಿ, ಸಿಮೆಂಟ್ ಅಲ್ಲಿಗೆ ನುಸುಳಿದರೆ ಮೂಳೆ ಬೆಳೆಯಲು ಜಾಗವಿರುವುದಿಲ್ಲ. ಆಮೇಲೆ ಸ್ಟೆಮ್ ಸಮೇತ ಪ್ರಯೋಗದ ಟ್ರೇಯನ್ನು ಕೋನಿನ ಮೂಲಕ ಇಳಿಸಿ, ಎಲ್ಲೂ ತಗುಲುತ್ತಿಲ್ಲವೆಂದು ಖಚಿತ ಮಾಡಿಕೊಳ್ಳಿ. ಕೊನೆಗೆ ಕೋನಿನ ಒಳಮೈಗೂ ಟ್ರೇಗೂ ನಡುವೆ ಸಿಮೆಂಟ್.

ಸ್ಲೀವ್ ಬೇರೆ ಜಾತಿಯದು. ಮೆಟ್ಟಿಲು ಮೆಟ್ಟಿಲಾದ ಟೈಟೇನಿಯಂ ತುಂಡು, ಟ್ರೇ ಜೊತೆಗೆ ಟೇಪರಿನ (ತುದಿಗೆ ಸಣ್ಣಗಾಗುವ ಜೋಡಣೆ) ಮೂಲಕ ನೇರವಾಗಿ ಕಚ್ಚಿಕೊಳ್ಳುತ್ತದೆ. ಅದೇ ಆಕಾರದ, ಅರದಂಥ ಬ್ರೋಚ್ ಹೊಡೆದು ಜಾಗ ಮಾಡುವುದರಿಂದ ಕೆಲಸ ಬೇಗ ಮುಗಿಯುತ್ತದೆ, ಫಲಿತಾಂಶಗಳೂ ಚೆನ್ನಾಗಿವೆ. ಆದರೆ ಸ್ಲೀವ್ ಆಯಾ ಇಂಪ್ಲಾಂಟ್ ವ್ಯವಸ್ಥೆಗೇ ಅಂಟಿದ್ದು. ಗುಂಡಿ ಅಡ್ಡಾದಿಡ್ಡಿಯಾಗಿದ್ದರೆ ಕೋನ್ ಕೊಡುವ ಸ್ವಾತಂತ್ರ್ಯ ಇದರಲ್ಲಿಲ್ಲ. ಸುತ್ತು ಗೋಡೆ ಪರವಾಗಿಲ್ಲ ಅನ್ನುವಂತಿದ್ದರೆ ಸ್ಲೀವ್, ಗುಂಡಿ ಒಂದು ಬದಿಗೆ ವಾಲಿದ್ದರೆ ಕೋನ್, ಇದು ನನ್ನ ಒಲವು. ಎರಡಕ್ಕೂ ಒಂದು ಬೆಲೆಯಿದೆ: ಮೂಳೆ ಒಳಗೆ ಬೆಳೆದ ಮೇಲೆ ಸೋಂಕು ಬಂದರೆ ತೆಗೆಯುವುದು ತೀರ ಕಷ್ಟ. ಅದಕ್ಕೇ ಮೊದಲ ಹಂತದ ಪರೀಕ್ಷೆಗಳಿಗೆ ಅಷ್ಟು ಒತ್ತು ಕೊಟ್ಟೆ.

ಮೂಳೆಯ ತುದಿಯೇ ಇಲ್ಲದ, ಲಿಗಮೆಂಟ್ ಹಿಡಿಯಲು ಜಾಗವಿಲ್ಲದ ವಯಸ್ಸಾದವರಲ್ಲಿ ತೊಡೆಮೂಳೆಯ ಕೆಳತುದಿಯನ್ನೇ ಲೋಹದಲ್ಲಿ ಕೊಡುವ, ಮೂಳೆ ಗಡ್ಡೆಗಳ ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ಮೆಗಾ ಪ್ರಾಸ್ಥೆಸಿಸ್ ಬೇಕಾಗುತ್ತದೆ. ಅವರು ಬೇಗ ಎದ್ದು ನಿಲ್ಲುತ್ತಾರೆ. ಕಿರಿಯರಿಗೆ ಅದು ಕೊನೆಯ ಬಾಗಿಲು.

ಹಂತ 8: ಕೀಲನ್ನು ಕಟ್ಟುವ ಕ್ರಮ

ಶಸ್ತ್ರವೈದ್ಯ ಕೆಲ್ಲಿ ವಿನ್ಸ್ ಹೇಳಿಕೊಟ್ಟ ಮೂರು ಹೆಜ್ಜೆಗಳನ್ನೇ ನಾವೆಲ್ಲ ಅನುಸರಿಸುತ್ತೇವೆ. ಮೊದಲು ಟಿಬಿಯಾದ ಜಗಲಿ, ಆಮೇಲೆ ಮಡಚಿದಾಗಿನ ಬಿಗಿ, ಕೊನೆಗೆ ನೀಡಿದಾಗಿನ ಬಿಗಿ. ಜಗಲಿ ಸಮವಾಗದೆ ಕಂಬ ನಿಲ್ಲಿಸಿದರೆ ಉಳಿದೆಲ್ಲ ಅಳತೆಯೂ ಸುಳ್ಳು.

ಮಡಚಿದಾಗ ಸಡಿಲವಿರುವುದೇ ರಿವಿಷನ್ನಿನಲ್ಲಿ ಸಾಮಾನ್ಯ, ಏಕೆಂದರೆ ತೊಡೆಮೂಳೆಯ ಹಿಂಬದಿ ಸವೆದಿರುತ್ತದೆ. ಇಲ್ಲಿ ಕಿರಿಯರು ಮಾಡುವ ತಪ್ಪು, ಉಳಿದ ಮೂಳೆಗೆ ತಕ್ಕಂತೆ ಚಿಕ್ಕ ಇಂಪ್ಲಾಂಟ್ ಹಾಕಿ, ಸಡಿಲವನ್ನು ದಪ್ಪ ಪಾಲಿಎಥಿಲೀನಿನಿಂದ ತುಂಬುವುದು. ಆಗ ನೀಡಿದಾಗ ಬಿಗಿಯಾಗುತ್ತದೆ, ಅದಕ್ಕೆಂದು ತೊಡೆಮೂಳೆಯನ್ನು ಇನ್ನಷ್ಟು ಕೊಯ್ಯುತ್ತಾರೆ, ಕೀಲಿನ ಗೆರೆ, ಅಂದರೆ ತೊಡೆಮೂಳೆಯೂ ಟಿಬಿಯಾವೂ ಸೇರುವ ಮಟ್ಟ, ಮೇಲೇರುತ್ತದೆ. ಮೊದಲಿದ್ದ ಅಳತೆಯ ಇಂಪ್ಲಾಂಟನ್ನೇ ಹಾಕಿ, ಹಿಂದೆ ಆಗ್ಮೆಂಟ್ ಕೊಡಿ. ನೀಡಿದಾಗ ಸಡಿಲವಿದ್ದರೆ ತುದಿಗೆ ಆಗ್ಮೆಂಟ್ ಕೊಟ್ಟು ಕೀಲಿನ ಗೆರೆಯನ್ನು ಕೆಳಗೆ ತನ್ನಿ. ಒಳಗಿನ ಎಪಿಕಾಂಡೈಲಿನಿಂದ (ತೊಡೆಮೂಳೆಯ ತುದಿಯ ಪಕ್ಕದ ಉಬ್ಬು) ಸುಮಾರು 30 ಮಿ.ಮೀ., ಹೊರಗಿನದರಿಂದ ಸುಮಾರು 25 ಮಿ.ಮೀ. ಕೆಳಗೆ ಗೆರೆ ಇರಬೇಕು. ಜೊತೆಗೆ ಇನ್ನೊಂದು ಮಂಡಿಯ ಎಕ್ಸ್-ರೇಯನ್ನೂ ನೋಡಿ. ಗೆರೆ 8 ಮಿ.ಮೀ.ಗಿಂತ ಮೇಲೇರಿದರೆ ಮಂಡಿ ಚಿಪ್ಪು ಕೆಳಗುಳಿದು, ಮೆಟ್ಟಿಲು ಹತ್ತುವಾಗ ಕಾಡುತ್ತದೆ.

ಹಿಂಬದಿಯ ಮೂಳೆ ಹೋದ ಮೇಲೆ ತಿರುವಿನ ಅಳತೆಗೆ ನಂಬಬಹುದಾದ ಗುರುತು ಎರಡು ಎಪಿಕಾಂಡೈಲುಗಳನ್ನು ಜೋಡಿಸುವ ಗೆರೆ ಮಾತ್ರ. ಪಕ್ಕದ ಲಿಗಮೆಂಟುಗಳು ಎಷ್ಟು ಗಟ್ಟಿ ಎಂಬುದರ ಮೇಲೆ ಕೀಲಿನ ಬಿಗಿಯನ್ನು ಆರಿಸಿ. ಪೂರ್ತಿ ಹೋಗಿದ್ದರೆ ಹಿಂಜ್. ಬಿಗಿ ಹೆಚ್ಚಿಸಿದಷ್ಟೂ ಆ ಬಲವೆಲ್ಲ ಮೂಳೆಯ ಹಿಡಿತದ ಮೇಲೆ ಬೀಳುತ್ತದೆ, ಹಿಂಜ್ ಹಾಕಿ ವಲಯಗಳಲ್ಲಿ ಜಿಪುಣತನ ಮಾಡಬಾರದು.

ಹಂತ 9: ಸ್ಟೆಮ್ ಮತ್ತು ಸಿಮೆಂಟ್

ಎರಡು ದಾರಿಗಳಿವೆ. ಉದ್ದನೆಯ ಸ್ಟೆಮ್ಮನ್ನು ಕೊಳವೆಯೊಳಗೆ ಬಿಗಿಯಾಗಿ ಇಳಿಸಿ, ಮೇಲ್ಭಾಗಕ್ಕಷ್ಟೇ ಸಿಮೆಂಟ್ ಹಾಕುವುದು ಒಂದು. ಗಿಡ್ಡ ಸ್ಟೆಮ್ಮಿಗೆ ಪೂರ್ತಿ ಸಿಮೆಂಟ್ ಹಾಕುವುದು ಇನ್ನೊಂದು. ಮೊದಲನೆಯದು ನೇರತೆಯನ್ನು ತಾನೇ ಕಾಯುತ್ತದೆ, ಆದರೆ ಕೊಳವೆ ಬಾಗಿದ್ದರೆ ಟ್ರೇಯನ್ನು ಪಕ್ಕಕ್ಕೆ ತಳ್ಳುತ್ತದೆ. ಆಗ ಆಫ್‌ಸೆಟ್ ಸ್ಟೆಮ್, ಅಂದರೆ ಟ್ರೇಯ ನಡುವಿನಿಂದ ಸ್ವಲ್ಪ ಸರಿದು ಕೂರುವ ಸ್ಟೆಮ್, ಬೇಕು. ಸ್ಟೆಮ್ಮಿನ ತುದಿಯಲ್ಲಿ ನೋವು ಕೆಲವರಿಗೆ ಉಳಿಯುವುದೂ ಇದರಲ್ಲೇ. ಮೂಳೆ ತುಂಬ ಟೊಳ್ಳಾದ ವೃದ್ಧರಲ್ಲಿ ಎರಡನೆಯದು ಒಳ್ಳೆಯದು. ಸಿಮೆಂಟಿಗೆ ಆ್ಯಂಟಿಬಯಾಟಿಕ್ ಬೆರೆಸಿ, ಮೂಳೆ ಒಣಗಿಸಿ, ಟಿಬಿಯಾ ಮತ್ತು ತೊಡೆಮೂಳೆಗೆ ಬೇರೆ ಬೇರೆಯಾಗಿ ಕಲಸಿದರೆ ಆತುರವಿರುವುದಿಲ್ಲ.

ಹಂತ 10: ಆಮೇಲೆ

ಹಿಡಿತ ಎರಡು ವಲಯದಲ್ಲಿ ಸಿಕ್ಕಿದ್ದರೆ ಬಹುತೇಕ ರೋಗಿಗಳನ್ನು ಮರುದಿನವೇ ವಾಕರ್ ಹಿಡಿಸಿ ನಿಲ್ಲಿಸಬಹುದು. ಟಿಬಿಯಾದ ಮುಂಗುಬ್ಬು ಎತ್ತಿದ್ದರೆ, ಮೂಳೆ ಸೀಳಿ ತಂತಿ ಕಟ್ಟಿದ್ದರೆ ಆರು ವಾರ ಜಾಗ್ರತೆ. ರಕ್ತ ಹೆಪ್ಪುಗಟ್ಟದಂತೆ ಔಷಧಿ, ಹಿಮ್ಮಡಿಯ ವ್ಯಾಯಾಮ, ತೊಡೆಯ ಸ್ನಾಯುವಿನ ವ್ಯಾಯಾಮ ಎಂದಿನಂತೆ. ಆಪರೇಷನ್ನಿನಲ್ಲಿ ಕಳಿಸಿದ ಐದು ಮಾದರಿಗಳ ಕೊನೆಯ ವರದಿ ಹದಿನಾಲ್ಕನೇ ದಿನ ಬರುತ್ತದೆ. ಅಷ್ಟರಲ್ಲಿ ರೋಗಿ ಮನೆಗೆ ಹೋಗಿರುತ್ತಾರೆ, ವರದಿ ಕಡತದಲ್ಲಿ ಸೇರಿಕೊಳ್ಳುತ್ತದೆ. ಆ ದಿನಾಂಕವನ್ನು ನಿಮ್ಮ ಫೋನಿನಲ್ಲಿ ಗುರುತು ಹಾಕಿಕೊಂಡು ನೀವೇ ಕೇಳಿ ನೋಡಿ.

ಆರು ವಾರ, ಮೂರು ತಿಂಗಳು, ಒಂದು ವರ್ಷ, ಆಮೇಲೆ ವರ್ಷಕ್ಕೊಮ್ಮೆ ಎಕ್ಸ್-ರೇ. ನೋವಿಲ್ಲದಿದ್ದರೂ ಬರಬೇಕು, ಹಳೆಯ ಮಂಡಿಯ ಮೂಳೆ ಕರಗುತ್ತಿದ್ದಾಗಲೂ ನೋವಿರಲಿಲ್ಲ ಎಂದು ರೋಗಿಗೆ ನೆನಪಿಸಿ. ಆರಂಭದಲ್ಲಿ ನೋವು ಇಳಿದು ಮತ್ತೆ ಏರಿದರೆ, ಮಂಡಿ ಬಿಸಿಯಾಗಿ ಊದಿದರೆ, ಗಾಯದಿಂದ ಹನಿ ಒಸರಿದರೆ ಮನೆಯಲ್ಲಿ ಮಾತ್ರೆ ನುಂಗದೆ ಅದೇ ದಿನ ಬರಲಿ. ಹೊಸ ಎಕ್ಸ್-ರೇಯನ್ನು ಕಳೆದ ಸಲದ್ದರ ಪಕ್ಕ ಇಡುವುದು ಸಾಲದು. ಆಪರೇಷನ್ ಆದ ವಾರದಲ್ಲಿ ತೆಗೆದ ಮೊದಲನೆಯದರ ಪಕ್ಕ ಇಡಿ. ವರ್ಷಕ್ಕೆ ಅರ್ಧ ಮಿಲಿಮೀಟರ್ ಕುಸಿಯುವ ಟ್ರೇ, ಹಿಂದಿನ ವರ್ಷದ ಚಿತ್ರದ ಪಕ್ಕದಲ್ಲಿ ಯಾವತ್ತೂ ನೆಟ್ಟಗೇ ಕಾಣುತ್ತದೆ.